ಮಳೆಯ ಓರೆ, ಹನಿಯ ಓರೆ: ಜನಪದರ ನುಡಿ ಮತ್ತು ರಾಡಾರಿನ ಅಳತೆ

1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಸೂಳೆಕೆರೆಯ ಸೀಮೆಯಾದ ಚನ್ನಗಿರಿಗೂ, ತುಂಗಭದ್ರೆಯ ದಡದ ಹೊನ್ನಾಳಿಗೂ, ಮುಗಿಲನ್ನೇ ನೆಚ್ಚಿದ ಜಗಳೂರಿನ ಬೆದ್ದಲು ಹೊಲಕ್ಕೂ ಮಳೆ ಎಂಬುದರ ಅರ್ಥ ಒಂದೇ ಅಲ್ಲ.

ಕನ್ನಡದ ಒಕ್ಕಲು ಸಮುದಾಯ ಮಳೆಯನ್ನು ಕಾಲದಿಂದಲೂ ಸ್ವರೂಪದಿಂದಲೂ ಗುರುತಿಸಿದೆ. ಸುಮಾರು ಹದಿನಾಲ್ಕು ದಿನಗಳ ಒಂದೊಂದು ಅವಧಿಗೆ ರೋಹಿಣಿ, ಮೃಗಶಿರ, ಆರಿದ್ರಾ ಎಂಬ ನಕ್ಷತ್ರದ ಹೆಸರುಗಳಿವೆ. ಹನಿಯ ಗಾತ್ರ, ಬೀಳುವ ಬಗೆಗಳಿಗೆ ತುಂತುರು, ಸೋನೆ, ಜಡಿಮಳೆ, ಬಿರುಮಳೆ ಎಂಬ ಪದಗಳಿವೆ. ಗಾಳಿಗೆ ಓರೆಯಾಗಿ ಜಗುಲಿಯ ಒಳಗೂ ನುಗ್ಗುವ ಮಳೆ ‘ಇರಚಲು’ ಎನಿಸಿಕೊಳ್ಳುತ್ತದೆ.

ಹನಿಯ ಗಾತ್ರವನ್ನು ತಿಳಿಯುವುದೇ ಇಂದಿನ ದ್ವಿಧ್ರುವೀಕರಣ ರಾಡಾರಿನ ಉದ್ದೇಶ. ಒಂದು ಮಿಲಿಮೀಟರಿಗಿಂತ ಕಿರಿದಾದ ಹನಿ ಬಹುಮಟ್ಟಿಗೆ ಗುಂಡಗಿರುತ್ತದೆ. ಹಿರಿದಾದಂತೆ ಗಾಳಿಯ ಒತ್ತಡಕ್ಕೆ ತಳ ಚಪ್ಪಟೆಯಾಗಿ ಅಡ್ಡಲಾಗಿ ಅಗಲವಾಗುತ್ತದೆ. ರಾಡಾರು ಅಡ್ಡವಾಗಿಯೂ ನೆಟ್ಟಗೂ ಕಂಪಿಸುವ ಎರಡು ಬಗೆಯ ಅಲೆಗಳನ್ನು ಕಳುಹಿಸುತ್ತದೆ. ಅಡ್ಡ ಅಲೆಯ ಪ್ರತಿಫಲನ ಹೆಚ್ಚಿದ್ದಷ್ಟೂ ಹನಿ ದಪ್ಪವೆಂದು ಅರ್ಥ.

ಆದರೆ ಹನಿಯೇ ಓರೆಯಾದರೆ ಈ ಲೆಕ್ಕ ತಪ್ಪುತ್ತದೆ. ರಾಡಾರಿನ ನೋಟದಲ್ಲಿ ಹನಿ 10 ಡಿಗ್ರಿ ವಾಲಿದರೆ ಎರಡು ಪ್ರತಿಫಲನಗಳ ಅಂತರ ಸುಮಾರು ಶೇ. 6ರಷ್ಟು ಕುಗ್ಗುತ್ತದೆ, 45 ಡಿಗ್ರಿ ವಾಲಿದರೆ ಅಂತರವೇ ಅಳಿಯುತ್ತದೆ. ಆಗ ದಪ್ಪಹನಿ ಕಿರುಹನಿಯಂತೆ ತೋರುತ್ತದೆ. ಅಷ್ಟೇ ಬಲದ ಪ್ರತಿಫಲನ ಕಿರುಹನಿಗಳಿಂದ ಬರಬೇಕಾದರೆ ಅವುಗಳ ಸಂಖ್ಯೆ ಬಹಳ ಹೆಚ್ಚಿರಬೇಕು, ಒಟ್ಟು ನೀರೂ ಹೆಚ್ಚಿರಬೇಕು. ಹೀಗಾಗಿ ಸುರಿದುದಕ್ಕಿಂತ ಅಧಿಕ ಮಳೆ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇರಚಲು ಎಂಬುದು ಮಳೆ ಬೀಳುವ ದಾರಿಯ ಓರೆ; ರಾಡಾರನ್ನು ಕಾಡುವುದು ಹನಿಯ ಮೈಯ ಓರೆ. ಒಂದೇ ವೇಗದಲ್ಲಿ ಬೀಸುವ ಗಾಳಿಯೊಡನೆ ಹನಿಯೂ ಸಾಗುವುದರಿಂದ ಅದರ ದಾರಿ ಓರೆಯಾದರೂ ಮೈ ವಾಲುವುದಿಲ್ಲ. ಎತ್ತರಕ್ಕೆ ತಕ್ಕಂತೆ ಗಾಳಿಯ ವೇಗ ಬದಲಾಗುವಲ್ಲಿ ಅಥವಾ ಗಾಳಿ ಸುಳಿಯಾಗುವಲ್ಲಿ ಮಾತ್ರ ಹನಿ ಆ ಬದಲಾವಣೆಗೆ ಒಡನೆಯೇ ಹೊಂದಿಕೊಳ್ಳಲಾರದೆ ವಾಲುತ್ತದೆ, ತೂಗಾಡುತ್ತದೆ.

ಇರಚಲು ಕೂಡ ಅಳತೆಗೆ ತೊಡಕೇ. ಗಾಳಿ ಜೋರಾಗಿದ್ದಾಗ ಮಳೆಮಾಪಕದ ಬಾಯಿಯ ಮೇಲಿನಿಂದ ಹನಿಗಳು ಹಾರಿಹೋಗುವುದರಿಂದ ಮಾಪಕ ಕಡಿಮೆ ತೋರಿಸುತ್ತದೆ. ಒಂದು ಓರೆ ಮಳೆಯನ್ನು ಹಿಗ್ಗಿಸಿದರೆ ಇನ್ನೊಂದು ಕುಗ್ಗಿಸುತ್ತದೆ. ಆದುದರಿಂದಲೇ ರಾಡಾರಿನ ಅಂದಾಜನ್ನು ನೆಲದ ಮಾಪಕಗಳೊಡನೆ ಹೋಲಿಸಿ ತಿದ್ದುವ ಪದ್ಧತಿ ಇದೆ.

ಈ ವ್ಯತ್ಯಾಸ ಕೇವಲ ಶಾಸ್ತ್ರಚರ್ಚೆಯಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನಿಗೆ ಪರಿಹಾರ ದೊರೆಯುವುದು ದಾಖಲಾದ ಮಿಲಿಮೀಟರುಗಳ ಮೇಲೆ. ರೈತನ ಸ್ವಂತ ಅಳತೆಯಾದರೋ ‘ಹದ’: ಮಣ್ಣಿನೊಳಗೆ ತೇವ ಎಷ್ಟು ಆಳಕ್ಕೆ ಇಳಿಯಿತು, ಬೀಜ ಮೊಳೆಯಲು ಅದು ಸಾಕೇ ಎಂಬ ನಿರ್ಣಯ. ರಾಡಾರು ಮುಗಿಲಿನಲ್ಲಿ ಹನಿಯನ್ನು ಕಾಣುತ್ತದೆ, ಮಾಪಕ ಅಂಗೈಯಗಲದ ಬಾಯಲ್ಲಿ ಅದನ್ನು ಹಿಡಿಯುತ್ತದೆ, ಹದ ಅದನ್ನು ನೆಲದಲ್ಲಿ ಅರಿಯುತ್ತದೆ. ಜಗಳೂರಿನಂಥ ಸೀಮೆಯಲ್ಲಿ ಈ ಮೂರನ್ನೂ ಜೊತೆಗಿಟ್ಟು ನೋಡಿದಾಗಲೇ ಮಳೆಯ ಲೆಕ್ಕ ನ್ಯಾಯದ ಲೆಕ್ಕವಾದೀತು.