ನೀರಿನ ಟಾಕಿಯಂಥ ಗಂಟೆಗೋಪುರ

ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಹಳೆ ಮನೆಯ ಮಾಡು ಇಳಿಸುವಾಗ ಒಂದು ಹೆಂಚಿನ ಮೇಲೆ ಬಾಸೆಲ್ ಮಿಷನ್ನಿನ ಅಚ್ಚು ಕಂಡಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದಾಗ ಅದೇ ನೆನಪಲ್ಲಿತ್ತು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಮಿಷನ್ನಿನ ತವರು ಅದು. ನಿಘಂಟುಕಾರ ಕಿಟ್ಟೆಲ್ಲರನ್ನು ನಮಗೆ ಕೊಟ್ಟದ್ದೂ, 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ಅದೇ ಮಿಷನ್ನು.

ಆದರೆ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನೆಸ್ ಚರ್ಚು. ಕಾರ್ಲ್ ಎಗೆಂಡರ್ ಮತ್ತು ಅರ್ನ್‌ಸ್ಟ್ ಬುರ್ಕ್‌ಹಾರ್ಟ್ ಎಂಬ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿದ್ದು, 1936ರಲ್ಲಿ ಮುಗಿದದ್ದು. ಸ್ವಿಸ್ ರಿಫಾರ್ಮ್ಡ್ ಪಂಥದ ಮೊದಲ ಆಧುನಿಕ ಚರ್ಚುಗಳಲ್ಲೊಂದು. ಚೂಪು ಶಿಖರವಿಲ್ಲ, ಕಮಾನಿಲ್ಲ. ಗಂಟೆಗೋಪುರವೆಂದರೆ ಬರಿಯ ಉಕ್ಕಿನ ಚೌಕಟ್ಟು.

ಇಂಥ ಬೋಳುತನ ಆ ಊರಿಗೆ ಹೊಸದೇನಲ್ಲ. 1529ರ ಫೆಬ್ರುವರಿಯಲ್ಲೇ, ಮತಸುಧಾರಣೆಯ ಅಬ್ಬರದಲ್ಲಿ, ಜನ ಊರಿನ ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದಿದ್ದರು. ಈ ಪಂಥಕ್ಕೆ ಕಿವಿಗೆ ಬೀಳುವ ದೇವವಾಕ್ಯ ದೊಡ್ಡದು, ಕಣ್ಣಿಗೆ ಕಾಣುವ ಚಿತ್ರ ಅಲ್ಲ. ಕಾಂಕ್ರೀಟು-ಗಾಜಿನ ಕಾಲ ಬಂದಾಗ ಇವರು ಬಿಟ್ಟುಕೊಡಬೇಕಾದದ್ದು ಕಡಿಮೆಯೇ ಇತ್ತು ಅನಿಸುತ್ತದೆ.

ಊರಿಗೆ ಬಂದು ಆ ಗೋಪುರದ ಫೋಟೋವನ್ನು ಪಕ್ಕದ ಮನೆಯ ಅಜ್ಜಾರಿಗೆ ತೋರಿಸಿದೆ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು.

“ಇದೇನು, ನೀರಿನ ಟಾಕಿ ಸ್ಟ್ಯಾಂಡ್ ಏನಪಾ?”

“ಚರ್ಚಿನ ಗೋಪುರ ರೀ ಅಜ್ಜಾರ.”

ನಗಲಿಲ್ಲ ಅವರು. ಚಾಳೀಸು ಮೂಗಿಗಿಳಿಸಿ ಫೋಟೋ ಹಿಗ್ಗಿಸಿ ನೋಡಿದರು. ಅಲ್ಲಿಯ ಗಂಟೆ ನಮ್ಮ ಗುಡಿಯ ಗಂಟೆಯಂತೆ ನಾಲಗೆ ಎಳೆದು ಬಾರಿಸುವಂಥದ್ದಲ್ಲ, ಇಡೀ ಗಂಟೆಯೇ ಉಯ್ಯಾಲೆಯಂತೆ ತೂಗುತ್ತದೆ ಎಂದೆ. ಅಜ್ಜಾರ ಹುಬ್ಬು ಮೇಲೇರಿತು.

“ಹಂಗಾದ್ರ ಪ್ರತಿ ತೂಗಿಗೂ ಗೋಪುರಾನ ಆಕಡೆ ಈಕಡೆ ದೂಡ್ತದ. ಕಲ್ಲಿಂದಾದ್ರ ತನ್ನ ಭಾರಕ್ಕ ತಡಕೋತದ. ಕಬ್ಬಿಣಕ್ಕ ಆ ಭಾರ ಎಲ್ಲಿದು? ಜೋಡಣೀನ ತಡೀಬೇಕು.” ಸ್ವಲ್ಪ ಸುಮ್ಮನಿದ್ದು ಕೇಳಿದರು: “ರಿವೆಟ್ ಹೊಡದಾರೋ, ವೆಲ್ಡಿಂಗ್ ಮಾಡ್ಯಾರೋ?”

ವಾಸ್ತುಶಿಲ್ಪಿಗಳ ಹೆಸರು, ಇಸವಿ ಎಲ್ಲ ಬರೆದುಕೊಂಡು ಬಂದಿದ್ದೆ. ಇದೊಂದನ್ನು ನೋಡಿರಲಿಲ್ಲ.

“ಮತ್ತ ಹೋದ್ರ ಬುಡದಾಗ ನಿಂತು ನೋಡ್ಕೊಂಡು ಬಾ” ಎಂದರು ಅಜ್ಜಾರು. ಫೋನು ಮಾತ್ರ ಬೇಗ ವಾಪಸು ಕೊಡಲಿಲ್ಲ.

ನಮ್ಮ ಮನೆಗೆ ಈಗ ಆರ್‌ಸಿಸಿ ಚಾವಣಿ. ಆ ಹೆಂಚು ಹಿತ್ತಲ ಗೋಡೆಗೆ ಒರಗಿಕೊಂಡಿದೆ, ಅಚ್ಚಿನ ಮೇಲೆ ಪಾಚಿ ಹತ್ತಿದೆ.