ನಕ್ಷೆಯಲ್ಲಿ ಬಣ್ಣ, ಮನೆಯಲ್ಲಿ ಕಪ್ಪು ಪರದೆ

1987ರಲ್ಲಿ ಟಿ.ವಿ.ಯಲ್ಲಿ ರಾಮಾಯಣ ನೋಡಿದವರಿಗೆ ನೆನಪಿರುತ್ತೆ. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸೋದು, ಒಳಗಿಂದ ಇನ್ನೊಬ್ಬರು "ಬಂತು, ಬಂತು... ಹೋಯ್ತು" ಅಂತ ಕೂಗೋದು. ಕೆಲವೊಮ್ಮೆ ರಾಮನ ಪಕ್ಕದಲ್ಲೇ ಇನ್ನೊಬ್ಬ ಮಸುಕು ರಾಮ! ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ತಡವಾಗಿ ಬಂದ ಸಿಗ್ನಲ್ ಮಾಡುತ್ತಿದ್ದ ಚೇಷ್ಟೆ ಅದು.

ಆಗೆಲ್ಲ ಅಕ್ಕಪಕ್ಕದ ಟವರ್‌ಗಳಿಗೆ ಒಂದೇ ಫ್ರೀಕ್ವೆನ್ಸಿ ಕೊಡುವಂತಿರಲಿಲ್ಲ. ಕೊಟ್ಟರೆ ಚಿತ್ರ ಕಲಸುಮೇಲೋಗರ. ಡಿಜಿಟಲ್ ಬಂದ ಮೇಲೆ ಲೆಕ್ಕವೇ ಬದಲಾಯಿತು. ಒಂದು ಪ್ರದೇಶದ ಎಲ್ಲ ಟವರ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಕಾರ್ಯಕ್ರಮ ಕಳಿಸಬಹುದು. ಭಜನಾ ಮಂಡಳಿಗೆ ತಾಳ ಇದ್ದಂತೆ ಇವಕ್ಕೆ ಜಿಪಿಎಸ್ ಗಡಿಯಾರ.

ಹಾಗಾದರೆ ದೂರದ ಟವರ್‌ನ ಸಿಗ್ನಲ್ ತಡವಾಗಿ ಬರೋದಿಲ್ವಾ? ಬರುತ್ತೆ. ಅದಕ್ಕೇ ಪ್ರತಿ ತುಣುಕು ಮಾಹಿತಿಯ ಮುಂದೆ ಒಂದಿಷ್ಟು ಬಿಡುವು ಇಟ್ಟಿರುತ್ತಾರೆ. ಗಾರ್ಡ್ ಇಂಟರ್‌ವಲ್ ಅಂತ ಅದರ ಹೆಸರು. ಯುರೋಪಿನ ಡಿವಿಬಿ-ಟಿ ಪದ್ಧತಿಯಲ್ಲಿ ಇದು 224 ಮೈಕ್ರೋಸೆಕೆಂಡ್‌ವರೆಗೆ ಇರಬಹುದು. ಅಷ್ಟರಲ್ಲಿ ರೇಡಿಯೊ ತರಂಗ ಸುಮಾರು 67 ಕಿಲೋಮೀಟರ್ ಓಡುತ್ತೆ. ನಿಮ್ಮ ಮನೆಗೆ ಎರಡು ಟವರ್‌ಗಳಿಂದ ಇರುವ ದೂರದ ವ್ಯತ್ಯಾಸ ಇದರೊಳಗಿದ್ದರೆ ತಡವಾದ ಸಿಗ್ನಲ್ಲೂ ಕೈಜೋಡಿಸುತ್ತೆ. ಮೀರಿದರೆ ಅದೇ ಶತ್ರು. ಬಿಡುವು ಹೆಚ್ಚಿಸಿದರೆ ಟವರ್‌ಗಳನ್ನು ದೂರ ದೂರ ಇಡಬಹುದು ನಿಜ. ಆದರೆ ಅಷ್ಟು ಮಾಹಿತಿ ಖೋತಾ, ಅಂದರೆ ಚಾನೆಲ್ ಕಮ್ಮಿ.

ಇನ್ನೊಂದು ಮುಖ್ಯ ಸಂಗತಿ. ಅನಲಾಗ್ ಸಿಗ್ನಲ್ ಸೋತರೂ ಮಳೆ ಸುರಿದಂತೆ ಚುಕ್ಕಿಗಳ ನಡುವೆ ಮುಖ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಆ ದಾಕ್ಷಿಣ್ಯ ಇಲ್ಲ. ಬಂದರೆ ಕನ್ನಡಿಯಂಥ ಚಿತ್ರ, ಇಲ್ಲದಿದ್ದರೆ ಕಪ್ಪು ಪರದೆ. ಹಾಗಾಗಿ ನಕ್ಷೆ ಮೇಲೆ ವೃತ್ತ ಎಳೆದು "ತಲುಪಿತು" ಅನ್ನುವಂತಿಲ್ಲ. ಯುರೋಪಿನ ಯೋಜಕರು ನೆಲವನ್ನು ಸುಮಾರು 100 ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸುತ್ತಾರೆ. ಚೌಕದೊಳಗೆ ಶೇ. 95 ಜಾಗಗಳಲ್ಲಿ ಸಿಗ್ನಲ್ ಸಿಕ್ಕರೆ "ಉತ್ತಮ", ಶೇ. 70 ಆದರೆ "ಪರವಾಗಿಲ್ಲ". ಗಮನಿಸಿ, ಆ "ಪರವಾಗಿಲ್ಲ"ದೊಳಗೆ ನೂರಕ್ಕೆ 30 ಜಾಗ ಕತ್ತಲಲ್ಲಿರಬಹುದು!

ನಮ್ಮಲ್ಲಿ ದೂರದರ್ಶನ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಶುರುಮಾಡಿತು. ಆಮೇಲೆ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಬಹುಪಾಲು ಬಂದ್ ಆದವು. ಈಗ ಇಂಟರ್ನೆಟ್ ಇಲ್ಲದೆ ನೇರ ಮೊಬೈಲಿಗೇ ಟಿ.ವಿ. ಕೊಡುವ ಮಾತು ನಡೆದಿದೆ. ಒಳ್ಳೆಯದೇ. ಆದರೆ ಮಾಳಿಗೆ ಆಂಟೆನಾಕ್ಕೆ ಲೆಕ್ಕ ಹಾಕೋದು 10 ಮೀಟರ್ ಎತ್ತರದಲ್ಲಿ, ಕೈಯಲ್ಲಿರುವ ಫೋನಿಗೆ ಒಂದೂವರೆ ಮೀಟರ್‌ನಲ್ಲಿ. ಗೋಡೆಯೊಳಗಿನ ಫೋನಿಗೆ ಎಷ್ಟೋ ಪಟ್ಟು ಬಲವಾದ ಸಿಗ್ನಲ್ ಬೇಕು. ಅಂದರೆ ಹೆಚ್ಚು ಟವರ್, ಹೆಚ್ಚು ಖರ್ಚು.

ಬಯಲುಸೀಮೆಗೆ ಹೊಂದುವ ಲೆಕ್ಕ ಮಲೆನಾಡಿನ ಕಣಿವೆಗೆ ಹೊಂದೋದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ನೆಟ್‌ವರ್ಕ್ ಹೋದಾಗ ಎಚ್ಚರಿಕೆ ಮುಟ್ಟಬೇಕಾದ್ದು ಆ ಕಣಿವೆಗೇ. ಆದ್ದರಿಂದ ನಾಳೆ ಯಾರಾದರೂ ಬಣ್ಣ ತುಂಬಿದ ನಕ್ಷೆ ತೋರಿಸಿದರೆ ಎರಡೇ ಪ್ರಶ್ನೆ ಕೇಳಿ. ಇದು ಶೇ. 95ರ ಬಣ್ಣವೋ, 70ರದೋ? ಮಾಳಿಗೆ ಮೇಲಿನ ಲೆಕ್ಕವೋ, ಮನೆಯೊಳಗಿನದೋ?