ಹಲ್ಲು ಕೀಳಿಸುವ ಮುನ್ನ ಮತ್ತು ನಂತರ: ಭಕ್ತರು ಅರಿತಿರಬೇಕಾದ ಸಂಗತಿಗಳು



ಹಲ್ಲುನೋವು ಬಂದಾಗ ನಮ್ಮ ಜನ ಮೊದಲು ಹುಡುಕುವುದು ಲವಂಗವನ್ನು, ಅನಂತರ ಔಷಧದ ಅಂಗಡಿಯ ನೋವಿನ ಮಾತ್ರೆಯನ್ನು. ದಂತವೈದ್ಯರ ಸರದಿ ಬರುವುದು ಕೆನ್ನೆ ಬಾತು, ರಾತ್ರಿಯ ನಿದ್ರೆ ಕೆಟ್ಟ ಮೇಲೆಯೇ. ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಹೀಗೆ ವಾರಗಟ್ಟಲೆ ನೋವು ನುಂಗಿಕೊಂಡಿರುವುದನ್ನು ನಾವು ಕಂಡಿದ್ದೇವೆ. ಕಾರಣ ಕೇಳಿದರೆ, ಹಣದ ಅಡಚಣೆಗಿಂತ ಹೆಚ್ಚಾಗಿ ಕೇಳಿಬರುವುದು ಭಯದ ಮಾತು. ವಿಚಾರಮಾಡಿ ನೋಡಿದರೆ, ಈ ವಿಷಯದಲ್ಲಿ ಅಂಜಬೇಕಿಲ್ಲದ ಕಡೆ ಅಂಜಿಕೆ ತುಂಬಿದೆ, ಎಚ್ಚರ ಬೇಕಾದ ಕಡೆ ಎಚ್ಚರವಿಲ್ಲ. ವೈದ್ಯರ ಕುರ್ಚಿಯಲ್ಲಿ ಕಳೆಯುವ ಕೆಲವು ನಿಮಿಷಗಳಿಗೆ ನಾವು ಹೆದರುತ್ತೇವೆ. ನಿಜವಾಗಿ ಜಾಗ್ರತೆ ಬೇಕಾದುದು ಅದಕ್ಕೆ ಮೊದಲು ವೈದ್ಯರಿಗೆ ಹೇಳುವ ಮಾತಿನಲ್ಲಿ ಮತ್ತು ಅದರ ನಂತರದ ಒಂದು ದಿನದ ನಡವಳಿಕೆಯಲ್ಲಿ. ಇದನ್ನೇ ಇಲ್ಲಿ ಕ್ರಮವಾಗಿ ವಿವರಿಸಿದ್ದೇವೆ.

ಭಯದ ಮೂಲ

ನಮ್ಮ ಹಿರಿಯರ ಭಯ ಅವರ ಕಾಲಕ್ಕೆ ಸುಳ್ಳಾಗಿರಲಿಲ್ಲ. ಮರವಳಿಕೆಯ ಔಷಧವಿಲ್ಲದ ಕಾಲದಲ್ಲಿ ರೋಗಿಯನ್ನು ಇಬ್ಬರು ಹಿಡಿದುಕೊಂಡು ಇಕ್ಕಳದಿಂದ ಹಲ್ಲು ಕೀಳುತ್ತಿದ್ದರು. 1846ರಲ್ಲಿ ಅಮೆರಿಕದ ಬೋಸ್ಟನ್ ನಗರದ ದಂತವೈದ್ಯ ವಿಲಿಯಂ ಮಾರ್ಟನ್ ಅವರು ಈಥರ್ ಆವಿಯನ್ನು ಮೂಸಿಸಿ ರೋಗಿಯೊಬ್ಬರ ಹಲ್ಲನ್ನು ನೋವಿಲ್ಲದೆ ಕಿತ್ತರು. 1943ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ ಲಿಗ್ನೋಕೇನ್ ಎಂಬ ಮದ್ದನ್ನು ಸಿದ್ಧಪಡಿಸಿದರು. ಇಂದು ಬಹುತೇಕ ದಂತ ಚಿಕಿತ್ಸಾಲಯಗಳಲ್ಲಿ ವಸಡಿಗೆ ಕೊಡುವ ಚುಚ್ಚುಮದ್ದು ಇದೇ. ಇದರಿಂದ ಪ್ರಜ್ಞೆ ತಪ್ಪುವುದಿಲ್ಲ, ಆ ಭಾಗ ಮಾತ್ರ ಮರಗಟ್ಟುತ್ತದೆ.

ಆದರೆ ಭಯದಿಂದ ತಡಮಾಡುವುದರಲ್ಲಿ ಒಂದು ಅಪಾಯವಿದೆ. ಕೀವು ತುಂಬಿ ಊದಿಕೊಂಡ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಈ ಚುಚ್ಚುಮದ್ದು ಸರಿಯಾಗಿ ಕೆಲಸ ಮಾಡುವುದಿಲ್ಲ. ತಡವಾಗಿ ಬಂದವರಿಗೆ ಹೀಗೆ ಹೆಚ್ಚು ನೋವಾಗುತ್ತದೆ. ಅವರು ಊರಿಗೆ ಹೋಗಿ ತಮ್ಮ ನೋವಿನ ಕಥೆ ಹೇಳುತ್ತಾರೆ, ಕೇಳಿದವರು ಇನ್ನಷ್ಟು ತಡಮಾಡುತ್ತಾರೆ. ಈ ಸರಪಳಿಯನ್ನು ಕಡಿಯುವ ದಾರಿ ಒಂದೇ: ನೋವು ಸಣ್ಣದಿರುವಾಗಲೇ ವೈದ್ಯರನ್ನು ಕಾಣುವುದು.

ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆಯೇ?

ಮೇಲ್ದವಡೆಯ ಹಲ್ಲು ಕೀಳಿಸಿದರೆ ದೃಷ್ಟಿ ಹೋಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ಇದಕ್ಕೆ ಆಧಾರವಿಲ್ಲ. ಹಲ್ಲಿನ ಸಂವೇದನೆಯನ್ನು ಮಿದುಳಿಗೆ ಒಯ್ಯುವ ನರವೇ ಬೇರೆ, ನೋಟವನ್ನು ಒಯ್ಯುವ ನರವೇ ಬೇರೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರಗಳು ಮಸುಕಾಗುವುದು ಸಹಜ, ಹಲ್ಲು ಕೀಳಿಸುವ ಪ್ರಸಂಗಗಳು ಹೆಚ್ಚುವುದೂ ಬಹುಮಟ್ಟಿಗೆ ಅದೇ ವಯಸ್ಸಿನಲ್ಲಿ. ಎರಡೂ ಜೊತೆಯಾಗಿ ಬಂದುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂಬ ಭಾವನೆ ಹುಟ್ಟಿರಬೇಕು.

ಕೀಳಿಸಲೇಬೇಕೆ?

ಈ ಪ್ರಶ್ನೆಯನ್ನು ವೈದ್ಯರಿಗೆ ಸಂಕೋಚವಿಲ್ಲದೆ ಕೇಳಬೇಕು. ಹುಳುಕು ಮೇಲ್ಭಾಗದಲ್ಲಿದ್ದರೆ ತುಂಬಿಸಬಹುದು. ಒಳಗಿನ ನರದವರೆಗೆ ತಲುಪಿದ್ದರೂ ರೂಟ್ ಕೆನಾಲ್ ಚಿಕಿತ್ಸೆಯಿಂದ ಅನೇಕ ಹಲ್ಲುಗಳನ್ನು ಉಳಿಸಿಕೊಳ್ಳಬಹುದು. ಬೇರು ಸೀಳಿದಾಗ, ಸುತ್ತಲಿನ ಮೂಳೆ ಕರಗಿ ಹಲ್ಲು ಅಲುಗಾಡುವಾಗ, ಉಳಿಸಲು ಬೇಕಾದಷ್ಟು ಭಾಗವೇ ಇಲ್ಲದಾಗ, ಅಥವಾ ಅಡ್ಡವಾಗಿ ಬೆಳೆದ ಬುದ್ಧಿಹಲ್ಲು ಮತ್ತೆ ಮತ್ತೆ ಕೀವು ತರುವಾಗ ಕೀಳುವುದೇ ಉಚಿತ. ಎಕ್ಸ್‌ರೇ ನೋಡಿದ ಮೇಲೆಯೇ ಇದು ತೀರ್ಮಾನವಾಗುವುದು ಒಳ್ಳೆಯದು. ಸಂತೆಯಲ್ಲೋ ಜಾತ್ರೆಯಲ್ಲೋ ಕುಳಿತು ಹಲ್ಲು ಕೀಳುವವರ ಬಳಿಗೆ ಯಾರೂ ಹೋಗಬಾರದು. ರಾಜ್ಯ ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿಯಾದ ವೈದ್ಯರಲ್ಲಿಗೇ ಹೋಗಬೇಕು. ಹಣದ ಚಿಂತೆಯಿರುವವರಿಗೆ ಸರಕಾರಿ ಆಸ್ಪತ್ರೆಗಳ ದಂತ ವಿಭಾಗಗಳೂ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ.

ಮುಚ್ಚಿಡಬಾರದ ಸಂಗತಿಗಳು

ಹಲ್ಲಿನ ವೈದ್ಯರಿಗೆ ಹೃದಯದ ಮಾತ್ರೆಯ ವಿಷಯವೇಕೆ ಎಂದು ಭಾವಿಸಿ ಹಿರಿಯರು ಅನೇಕ ಸಂಗತಿಗಳನ್ನು ಹೇಳದೆ ಬಿಡುತ್ತಾರೆ. ಕೆಲವರು, ಹೇಳಿದರೆ ಹಲ್ಲು ಕೀಳುವುದನ್ನು ಮುಂದೂಡುತ್ತಾರೆಂದು ಬೇಕೆಂದೇ ಮರೆಮಾಚುತ್ತಾರೆ. ಇದು ಅಪಾಯಕರ. ಕೆಳಗಿನವುಗಳಲ್ಲಿ ಯಾವುದಿದ್ದರೂ ತಪ್ಪದೆ ಹೇಳಬೇಕು.

ರಕ್ತ ತೆಳುವಾಗಿಸುವ ಮಾತ್ರೆಗಳು: ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದವು. ಇವುಗಳನ್ನು ತಾವಾಗಿಯೇ ನಿಲ್ಲಿಸುವುದು ಮುಚ್ಚಿಡುವುದಕ್ಕಿಂತಲೂ ದೊಡ್ಡ ತಪ್ಪು. ಹಲ್ಲಿನ ಕುಳಿಯ ರಕ್ತವನ್ನು ಒತ್ತಿಹಿಡಿದು ನಿಲ್ಲಿಸಬಹುದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಟ್ಟ ಕಾರಣಕ್ಕೆ ಹೃದಯದ ಸ್ಟೆಂಟ್‌ನಲ್ಲಿ ಅಥವಾ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಸಂಚಕಾರ. ಬಹಳಷ್ಟು ಸಂದರ್ಭಗಳಲ್ಲಿ ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳುತ್ತಾರೆ. ವಾರ್ಫರಿನ್ ಸೇವಿಸುವವರಿಗೆ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ನಿರ್ಧಾರ ವೈದ್ಯರದಾಗಿರಲಿ.

ಹೃದಯದ ಕವಾಟ ಬದಲಿಸಿಕೊಂಡವರು: ಬಾಯಿಯ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರಿ ಕವಾಟದಲ್ಲಿ ನೆಲೆಸದಂತೆ, ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು ಇವರಿಗೆ ಆಂಟಿಬಯಾಟಿಕ್ ಕೊಡುತ್ತಾರೆ.

ಸಕ್ಕರೆ ಕಾಯಿಲೆ: ಸಕ್ಕರೆ ಹತೋಟಿಯಲ್ಲಿರದಿದ್ದರೆ ಗಾಯ ಮಾಯುವುದು ನಿಧಾನ, ಸೋಂಕು ಬೇಗ. ಹಾಗೆಂದು ಖಾಲಿ ಹೊಟ್ಟೆಯಲ್ಲಿ ಹೋದರೆ ಸಕ್ಕರೆ ಕುಸಿದು ತಲೆಸುತ್ತು ಬರಬಹುದು. ತಿಂಡಿ ತಿಂದು, ಎಂದಿನ ಔಷಧ ತೆಗೆದುಕೊಂಡು ಬೆಳಗಿನ ಹೊತ್ತಿನಲ್ಲೇ ಹೋಗಬೇಕು.

ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಔಷಧ ಪಡೆಯುತ್ತಿರುವವರು, ಮುಖ ಇಲ್ಲವೆ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು: ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಗಳಿಂದ ಹಾಗೂ ವಿಕಿರಣದಿಂದ ದವಡೆಯ ಮೂಳೆ ಮಾಯದೆ ಉಳಿಯುವ ಸಂಭವವಿದೆ.

ಗರ್ಭಿಣಿಯರು: ನಾಲ್ಕರಿಂದ ಆರನೆಯ ತಿಂಗಳವರೆಗಿನ ಅವಧಿ ಹೆಚ್ಚು ಅನುಕೂಲ. ಸೋಂಕು ತೀವ್ರವಾಗಿದ್ದರೆ ಯಾವ ತಿಂಗಳೆಂದು ಕಾಯದೆ ವೈದ್ಯರನ್ನು ಕಾಣಬೇಕು.

ಇವಲ್ಲದೆ ಯಾವುದೇ ಔಷಧದ ಅಲರ್ಜಿ, ಹಿಂದೆ ಹಲ್ಲು ಕಿತ್ತಾಗ ರಕ್ತ ನಿಲ್ಲದ ಅನುಭವ ಇದ್ದರೂ ಹೇಳಬೇಕು. ಹೆಸರು ನೆನಪಿಲ್ಲದಿದ್ದರೆ ಮನೆಯ ಮಾತ್ರೆಗಳನ್ನೆಲ್ಲ ಸ್ಟ್ರಿಪ್ ಸಹಿತ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಸಾಕು.

ಇಷ್ಟಲಿಂಗ ಪೂಜೆಯಾಗದೆ ಏನನ್ನೂ ಸೇವಿಸದ ನೇಮವುಳ್ಳ ಭಕ್ತರಿಗೆ ಒಂದು ವಿನಂತಿ. ಅಂದು ಪೂಜೆಯನ್ನು ಬೇಗನೆ ಪೂರೈಸಿ, ಪ್ರಸಾದ ಸ್ವೀಕರಿಸಿಯೇ ಆಸ್ಪತ್ರೆಗೆ ತೆರಳಿರಿ. ಉಪವಾಸದ ದಿನವನ್ನು ಇದಕ್ಕೆ ಆರಿಸಿಕೊಳ್ಳಬೇಡಿರಿ. ಬಾಯಲ್ಲಿ ಗಾಯವಿರುವಾಗ ಪೂಜೆ ಮಾಡಬಹುದೇ ಎಂದು ಕೆಲವರು ಕೇಳುವುದುಂಟು. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಪರಂಪರೆಯಲ್ಲಿ ಆ ಶಂಕೆಗೆ ಎಡೆಯಿಲ್ಲ.

ಕುರ್ಚಿಯಲ್ಲಿ ನಡೆಯುವುದೇನು?

ಮೊದಲು ವಸಡಿಗೆ ಚುಚ್ಚುಮದ್ದು. ಇರುವೆ ಕಚ್ಚಿದಂತಹ ಚುರುಕು, ಸ್ವಲ್ಪ ಒತ್ತಡ, ಅಷ್ಟೇ. ಕೆಳದವಡೆಯ ಹಿಂಭಾಗದ ಹಲ್ಲಾದರೆ ಅದೇ ಬದಿಯ ಅರ್ಧ ತುಟಿಯೂ ಅರ್ಧ ನಾಲಿಗೆಯೂ ದಪ್ಪಗಾದಂತೆ ಭಾಸವಾಗುತ್ತದೆ. ವೈದ್ಯರು ಕೆಲವು ನಿಮಿಷ ಕಾದು, ಮರಗಟ್ಟಿದೆಯೇ ಎಂದು ಪರೀಕ್ಷಿಸಿಯೇ ಮುಂದುವರಿಯುತ್ತಾರೆ.

ಬಳಿಕ ಸನ್ನೆಗೋಲಿನಂತಹ ಸಣ್ಣ ಉಪಕರಣದಿಂದ ಹಲ್ಲನ್ನು ಮೂಳೆಯಿಂದ ಸಡಿಲಿಸಿ, ಇಕ್ಕಳದಿಂದ ಅತ್ತಿತ್ತ ಅಲುಗಿಸಿ ತೆಗೆಯುತ್ತಾರೆ. ಇಲ್ಲಿ ಒಂದು ಮಾತು ಮುಖ್ಯ: ಮದ್ದು ನೋವನ್ನು ತಡೆಯುತ್ತದೆ, ಒತ್ತಡದ ಅರಿವನ್ನು ತಡೆಯುವುದಿಲ್ಲ. ತಳ್ಳುವುದು, ಎಳೆಯುವುದು, ಕಟಕಟ ಸದ್ದು ಎಲ್ಲವೂ ತಿಳಿಯುತ್ತದೆ. ಇದು ಸಹಜವೆಂದು ಮೊದಲೇ ಗೊತ್ತಿದ್ದವರು ಗಾಬರಿಯಾಗುವುದಿಲ್ಲ. ನೋವೇ ಆದರೆ ಎಡಗೈ ಎತ್ತಿ ಸೂಚಿಸಬೇಕು, ಇನ್ನಷ್ಟು ಮದ್ದು ಕೊಡುತ್ತಾರೆ. ಮೂಳೆಯೊಳಗೆ ಹುದುಗಿದ ಬುದ್ಧಿಹಲ್ಲಾದರೆ ವಸಡನ್ನು ಬಿಡಿಸಿ, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ತುಂಡುಮಾಡಿ ತೆಗೆದು ಹೊಲಿಗೆ ಹಾಕಬೇಕಾಗಬಹುದು.

ಮೊದಲ ಒಂದು ದಿನ

ಹಲ್ಲು ಹೋದ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಮೊಣಕಾಲಿನ ಗಾಯದ ಮೇಲೆ ಹಕ್ಕಳೆ ಕಟ್ಟಿದಂತೆಯೇ ಇದು. ಒಳಗಿನ ಮೂಳೆಗೂ ನರಕ್ಕೂ ಇದೇ ಹೊದಿಕೆ, ಹೊಸ ಅಂಗಾಂಶ ಬೆಳೆಯುವುದೂ ಇದರ ಆಸರೆಯಲ್ಲೇ. ಇದನ್ನು ಕಾಪಾಡುವುದೇ ಮೊದಲ ದಿನದ ಎಲ್ಲ ನಿಯಮಗಳ ಉದ್ದೇಶ.

ವೈದ್ಯರು ಇಟ್ಟ ಗಾಜ್ ಬಟ್ಟೆಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಹಿಡಿಯಬೇಕು. ಮಧ್ಯೆ ತೆಗೆದು ನೋಡಬಾರದು. ರಕ್ತ ಬಂದಿತೆಂದು ಪದೇ ಪದೇ ಉಗುಳುವುದು ನಮ್ಮವರ ಸಾಮಾನ್ಯ ತಪ್ಪು. ಉಗುಳುವಾಗ ಬಾಯಲ್ಲಿ ಉಂಟಾಗುವ ಸೆಳೆತಕ್ಕೆ ಹೆಪ್ಪು ಕಿತ್ತುಬರುತ್ತದೆ, ರಕ್ತ ಮತ್ತೆ ಶುರುವಾಗುತ್ತದೆ. ಜೊಲ್ಲನ್ನು ನುಂಗಬೇಕು. ಅದು ಒಂದು ದಿನ ತಿಳಿಗೆಂಪಾಗಿರುವುದು ಸಹಜ. ಇದೇ ಕಾರಣಕ್ಕೆ 24 ಗಂಟೆ ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು, ಗಾಯವನ್ನು ನಾಲಿಗೆಯಿಂದ ಕೆದಕಬಾರದು.

ಮರವಳಿಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಅದು ಇಳಿಯುವವರೆಗೆ ಏನನ್ನೂ ಅಗಿಯಬಾರದು. ಮಕ್ಕಳು ತಿಳಿಯದೆ ತುಟಿ ಕಚ್ಚಿಕೊಂಡು ಹುಣ್ಣು ಮಾಡಿಕೊಳ್ಳುತ್ತಾರೆ, ಅವರನ್ನು ಗಮನಿಸುತ್ತಿರಬೇಕು. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಮರವಳಿಕೆ ಪೂರ್ತಿ ಇಳಿಯುವ ಮೊದಲೇ ಸೇವಿಸುವುದು ಜಾಣತನ. ನೋವಿಗೆಂದು ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಕೆನ್ನೆಗೆ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟು, ಬಿಟ್ಟು, ಮತ್ತೆ ಇಡಬಹುದು. ಬಿಸಿ ಶಾಖ ಕೂಡದು. ಮಲಗುವಾಗ ತಲೆಗೆ ಎರಡು ದಿಂಬು ಇರಲಿ.

ಅಂದಿನ ಆಹಾರ ಮೆತ್ತಗಿರಬೇಕು, ತಣ್ಣಗಿರಬೇಕು: ಆರಿದ ಗಂಜಿ, ಮಜ್ಜಿಗೆ ಅನ್ನ, ಅಂಬಲಿ, ಜೋಳದ ನುಚ್ಚು. ದಾಸೋಹದ ಬಿಸಿ ಪ್ರಸಾದವನ್ನೂ ಆರಿಸಿಯೇ ಸ್ವೀಕರಿಸಬೇಕು. ಖಡಕ್ ರೊಟ್ಟಿ, ಚುರುಮುರಿ, ಹುರಿಗಡಲೆ, ಖಾರದ ಚಟ್ನಿ ಕೆಲವು ದಿನ ದೂರವಿರಲಿ. ಹೊಲದ ಭಾರದ ಕೆಲಸವೂ ಒಂದೆರಡು ದಿನ ಬೇಡ.

ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ದಿನಕ್ಕೆ ನಾಲ್ಕೈದು ಬಾರಿ, ಊಟದ ನಂತರ ತಪ್ಪದೆ, ಮೆಲ್ಲಗೆ ಬಾಯಿ ತೊಳೆಯಬೇಕು. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಬೇಕು.

ಮೂರನೆಯ ದಿನದ ನೋವು

ಬಾವು ಎರಡು ಮೂರನೆಯ ದಿನಕ್ಕೆ ಹೆಚ್ಚಾಗಿ, ನಂತರ ಇಳಿಯುತ್ತದೆ. ನೋವು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋಗಬೇಕು. ಹಾಗಾಗದೆ ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕಿವಿಯವರೆಗೆ ಸೆಳೆಯುವ ಹೊಸ ನೋವು, ಬಾಯಿಯ ದುರ್ವಾಸನೆ ಕಾಣಿಸಿದರೆ ಕುಳಿಯ ಹೆಪ್ಪು ಕಳಚಿ ಮೂಳೆ ಬಯಲಾಗಿದೆ ಎಂದರ್ಥ. ವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಅಷ್ಟೇನೂ ಅಪರೂಪವಲ್ಲದ ಈ ತೊಂದರೆ ಕೆಳಗಿನ ಬುದ್ಧಿಹಲ್ಲುಗಳಲ್ಲಿ ಹೆಚ್ಚು. ಕುಳಿಯನ್ನು ತೊಳೆದು ಔಷಧ ಇಟ್ಟರೆ ನೋವು ಬೇಗ ತಗ್ಗುತ್ತದೆ. ಮನೆಯಲ್ಲೇ ಸಹಿಸುವ ಅಗತ್ಯವಿಲ್ಲ.

ಇದಕ್ಕೆ ಮುಖ್ಯ ಆಹ್ವಾನ ಕೊಡುವುದು ಬೀಡಿ, ಸಿಗರೇಟು. ತಂಬಾಕು, ಗುಟ್ಕಾ, ಎಲೆ ಅಡಿಕೆಗಳೂ ಗಾಯಕ್ಕೆ ಹಿತವಲ್ಲ. ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ಇವನ್ನು ಮುಟ್ಟಬಾರದು. ಒಂದು ವಾರ ಬಿಟ್ಟಿರಲು ಸಾಧ್ಯವಾದವರಿಗೆ ಎಂದೆಂದಿಗೂ ಬಿಟ್ಟಿರುವುದು ಅಸಾಧ್ಯವೇನಲ್ಲ ಎಂಬುದು ನಮ್ಮ ನಂಬಿಕೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಸ್ವಚ್ಛವಾದ ಬಟ್ಟೆಯನ್ನು ಮತ್ತೆ ಅರ್ಧ ಗಂಟೆ ಕಚ್ಚಿಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರು ದಿನ ಕಳೆದರೂ ಬಾವು ಏರುತ್ತಲೇ ಇದ್ದರೆ, ಮರುದಿನವೂ ತುಟಿಯ ಮರವಳಿಕೆ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಬಾವು ಗದ್ದದ ಕೆಳಗೆ ಹಬ್ಬಿ, ನುಂಗಲು, ಬಾಯಿ ತೆರೆಯಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿಯೆಂದು ಬೆಳಗಾಗುವುದನ್ನು ಕಾಯಬಾರದು. ಹಲ್ಲಿನ ಸೋಂಕು ಗಂಟಲಿನ ಕಡೆಗೆ ಹರಡಿದರೆ ಜೀವಕ್ಕೆ ಅಪಾಯವಿದೆ. ಹಲ್ಲು ಕೀಳಿಸದೆ ನೋವಿನ ಮಾತ್ರೆಯಲ್ಲೇ ದಿನ ನೂಕುತ್ತಿರುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಖಾಲಿಯಾದ ಸ್ಥಳ

ಹೊಲಿಗೆ ಬಿಚ್ಚಬೇಕಾದುದಿದ್ದರೆ ಸುಮಾರು ಒಂದು ವಾರಕ್ಕೆ ಬಿಚ್ಚುತ್ತಾರೆ. ವಸಡು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು. ಬುದ್ಧಿಹಲ್ಲು ಹೋದರೆ ಸಾಮಾನ್ಯವಾಗಿ ಬದಲಿ ಬೇಕಿಲ್ಲ. ಬೇರೆ ಹಲ್ಲಾದರೆ ಪಕ್ಕದ ಹಲ್ಲುಗಳು ಕಾಲಕ್ರಮದಲ್ಲಿ ಅತ್ತ ವಾಲುತ್ತವೆ, ಎದುರಿನ ಹಲ್ಲು ಉದ್ದಕ್ಕೆ ಇಳಿಯುತ್ತದೆ. ಆದ್ದರಿಂದ ಕಟ್ಟಿಸುವ ಹಲ್ಲು, ಬ್ರಿಜ್, ಇಂಪ್ಲಾಂಟ್ ಇವುಗಳಲ್ಲಿ ತಮಗೆ ಯಾವುದು ಸಾಧ್ಯವೆಂದು ಅಂದೇ ವಿಚಾರಿಸಿಕೊಂಡು ಬರುವುದು ಒಳಿತು.

ಮನೆಯ ಹಿರಿಯರು ಹಲ್ಲುನೋವೆಂದಾಗ ಅವರೊಬ್ಬರನ್ನೇ ಕಳುಹಿಸದೆ ಜೊತೆಗೆ ಒಬ್ಬರು ಹೋಗಬೇಕೆಂದು ವಿನಂತಿಸುತ್ತೇವೆ. ಮಾತ್ರೆಗಳ ಚೀಲವನ್ನು ವೈದ್ಯರ ಮುಂದಿಡಲು, ಅವರು ಹೇಳಿದ್ದನ್ನು ಕೇಳಿ ನೆನಪಿಡಲು, ರಾತ್ರಿ ಒಮ್ಮೆ ಎದ್ದು ವಿಚಾರಿಸಲು ಒಬ್ಬರಿದ್ದರೆ ಹಿರಿಯರ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.